ಮುಕ್ಕುಂದದ ಹೊಳೆದಂಡೆಯಲ್ಲಿ ಎರಡು ದಿನ

ಸಿಂಧನೂರು ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಸೋನಾ ಮಸೂರಿ ಅಕ್ಕಿ. ರಸ್ತೆಯ ಎರಡೂ ಬದಿ ನೆಲ್ಲಿನ ಮಡಿಗಳು, ಊರ ಹೊರಗೆ ರೈಸ್‌ಮಿಲ್ಲುಗಳು, ಹೆಸರಿನ ಕೊನೆಗೆ ‘ಕ್ಯಾಂಪ್’ ಅಂತ ಇರುವ ಹಳ್ಳಿಗಳು. ಮೊದಲ ಸಲ ಬಂದವರು ಇದು ರಾಯಚೂರು ಜಿಲ್ಲೆಯೋ ಗೋದಾವರಿ ಸೀಮೆಯೋ ಅಂತ ಒಂದು ಗಳಿಗೆ ಅನುಮಾನಪಡಬೇಕು. ಆದರೆ ಈ ಹಸಿರಿಗೆಲ್ಲ ಮೂಲವಾದ ತುಂಗಭದ್ರೆ ಮಾತ್ರ ರಸ್ತೆಯಿಂದ ಕಾಣುವುದಿಲ್ಲ. ಕಾಣುವುದು ಕಾಲುವೆ. ಹೊಳೆಯನ್ನೇ ನೋಡಬೇಕು ಅಂದರೆ ತಾಲ್ಲೂಕಿನ ದಕ್ಷಿಣದ ಅಂಚಿಗೆ, ಮುಕ್ಕುಂದದಂಥ ದಂಡೆಯ ಊರಿಗೆ ಹೋಗಬೇಕು.

ಮುಕ್ಕುಂದ ಇರುವುದು ತುಂಗಭದ್ರೆಯ ಎಡದಂಡೆಯಲ್ಲಿ. ಈಚೆ ರಾಯಚೂರು ಜಿಲ್ಲೆ, ಹೊಳೆ ದಾಟಿದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆ. ನಡುವೆ ಬಂಡೆ, ಮರಳು, ಜೊಂಡು, ಅಲ್ಲಲ್ಲಿ ಆಳದ ಮಡುವು. ಪ್ರವಾಸಿ ತಾಣಗಳ ಪಟ್ಟಿ ಹಿಡಿದು ಹೊರಟವರು ಇಲ್ಲಿಗೆ ಬರುವುದು ಕಡಿಮೆ. ಹಂಪಿ, ಆನೆಗೊಂದಿ ನೋಡಿದವರು ಹೊಸಪೇಟೆಯಿಂದಲೇ ವಾಪಸ್ಸಾಗುತ್ತಾರೆ. ರಾಯರ ದರ್ಶನಕ್ಕೆ ಹೊರಟವರು ನೇರ ಮಂತ್ರಾಲಯಕ್ಕೆ ಹೋಗುತ್ತಾರೆ. ಹಂಪಿಯ ಪಕ್ಕದಲ್ಲಿ ಹರಿದ ನೀರೇ ಮಂತ್ರಾಲಯವನ್ನೂ ಮುಟ್ಟುವುದು. ನಡುವಿನ ಊರುಗಳು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ನಾನು ಹೋದದ್ದು ಶಿವರಾತ್ರಿ ಕಳೆದ ಹದಿನೈದು ದಿನಕ್ಕೆ. ಹತ್ತಿರದ ಹಳ್ಳಿಯಲ್ಲಿ ನನ್ನ ಚಿಗವ್ವನ ಮನೆ ಇದೆ. ಅಲ್ಲಿ ಎರಡು ದಿನ ಇದ್ದು, ಬೆಳಿಗ್ಗೆ ಸಂಜೆ ಮುಕ್ಕುಂದದ ದಂಡೆಗೆ ಹೋಗಿ ಕೂಡುವುದು ಅಂತ ಲೆಕ್ಕ ಹಾಕಿಕೊಂಡಿದ್ದೆ. ತಲೆಯಲ್ಲಿ ಒಂದು ಪ್ರಶ್ನೆಯೂ ಇತ್ತು. ಹಂಪಿಯ ಆಸುಪಾಸಿನಲ್ಲಿ ಈ ಹೊಳೆಯ 34 ಕಿಲೋಮೀಟರ್ ಉದ್ದವನ್ನು ಸರ್ಕಾರ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದೆ. ಆ 34 ಕಿಲೋಮೀಟರ್ ಮುಗಿದ ಮೇಲೆ ಹೊಳೆಯನ್ನು ಕಾಯುವವರು ಯಾರು?

ನೀರುನಾಯಿಯ ಸೀಮೆ

ಮೊದಲು ಆ 34 ಕಿಲೋಮೀಟರಿನ ಕತೆ ಹೇಳುತ್ತೇನೆ. 2015ರಲ್ಲಿ ರಾಜ್ಯ ಸರ್ಕಾರ ತುಂಗಭದ್ರಾ ಅಣೆಕಟ್ಟಿನ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಹೊಳೆಯನ್ನು ‘ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ’ ಅಂತ ಘೋಷಿಸಿತು. ನೀರುನಾಯಿಯ ಹೆಸರಿನಲ್ಲಿ ಇಂಥದೊಂದು ಮೀಸಲು ದೇಶದಲ್ಲೇ ಮೊದಲನೆಯದು. ಹಂಪಿಯ ಕಲ್ಲಿನ ರಥದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ನಮ್ಮಲ್ಲಿ ಎಷ್ಟು ಜನಕ್ಕೆ ಪಕ್ಕದ ಬಂಡೆ ಸಂದಿಯಲ್ಲಿ ಈ ಪ್ರಾಣಿ ಮರಿ ಹಾಕಿಕೊಂಡಿರುತ್ತದೆ ಅಂತ ಗೊತ್ತು?

ನೀರುನಾಯಿ ಹೆಸರಿಗೆ ನಾಯಿ, ಜಾತಿಯಲ್ಲಿ ಬೇರೆ. ದೊಡ್ಡದಾದರೆ ಏಳರಿಂದ ಹನ್ನೊಂದು ಕಿಲೋ ತೂಗುತ್ತದೆ. ನುಣುಪಾದ ಕಂದು ಮೈ, ಬೆರಳ ನಡುವೆ ತೊಗಲಿನ ಪೊರೆ, ಚಪ್ಪಟೆ ಬಾಲ. ಒಂಟಿಯಾಗಿರುವುದು ಕಡಿಮೆ. ಅಪ್ಪ, ಅಮ್ಮ, ಹೋದ ವರ್ಷದ ಮಕ್ಕಳು, ಈ ವರ್ಷದ ಮರಿಗಳು ಎಲ್ಲ ಕೂಡಿ ಸಂಸಾರ. ಬೇಟೆಯನ್ನೂ ಕೂಡಿಯೇ ಆಡುತ್ತವೆ, ಸಾಲಾಗಿ ಈಜಿ ಮೀನನ್ನು ದಂಡೆಯ ಕಡೆ ಅಟ್ಟುತ್ತವೆ. ಬಂಡೆಯ ಮೇಲೆ ಅವು ಬಿಟ್ಟುಹೋದ ಹಿಕ್ಕೆಯಲ್ಲಿ ಮೀನಿನ ಹುರುಪೆ ಮಿಂಚುತ್ತಿರುತ್ತದೆ. ಎಣಿಸಲು ಬಂದವರು ಮೊದಲು ಹುಡುಕುವುದು ಆ ಗುರುತನ್ನೇ. ಜಗತ್ತಿನ ಲೆಕ್ಕದಲ್ಲಿ ಇದು ಅಪಾಯದ ಅಂಚಿನ ಜೀವಿ. ಇದರ ಜೊತೆಗೆ ಅದೇ ನೀರಿನಲ್ಲಿ ಮೊಸಳೆ ಇವೆ, ಮೆತ್ತನೆ ಚಿಪ್ಪಿನ ಆಮೆಗಳಿವೆ, ಹತ್ತಾರು ಬಗೆಯ ಮೀನುಗಳಿವೆ.

ನೀರುನಾಯಿಗೆ ಬೇಕಾದದ್ದು ಮೂರೇ. ಮೀನಿರುವ ನೀರು, ಅಡಗಲು ಬಂಡೆ ಅಥವಾ ಜೊಂಡು, ಬಿಸಿಲು ಕಾಯಲು ಮರಳಿನ ದಂಡೆ. ಮೂರರಲ್ಲಿ ಒಂದು ಹೋದರೂ ಅದು ಜಾಗ ಬಿಡುತ್ತದೆ. ತೋಟೆ ಸಿಡಿಸಿ ಮೀನು ಹಿಡಿದರೆ ಮೀನು ಹೋಗುತ್ತದೆ, ಬಂಡೆ ಒಡೆದರೆ ಮನೆ ಹೋಗುತ್ತದೆ, ಮರಳು ತೆಗೆದರೆ ಅಂಗಳ ಹೋಗುತ್ತದೆ.

ಮೊದಲ ದಿನ ಸಂಜೆ ಮುಕ್ಕುಂದದ ದಂಡೆಯಲ್ಲಿ ಒಬ್ಬ ತಾತ ಹರಿಗೋಲು ಬೋರಲು ಹಾಕಿ ಅದರ ನೆರಳಲ್ಲಿ ಬಲೆ ಹೆಣೆಯುತ್ತಾ ಕೂತಿದ್ದರು. ಪಕ್ಕದ ಬಂಡೆಯ ಮೇಲೆ ಕೂತು ಮಾತಿಗೆ ಎಳೆದೆ.

“ತಾತ, ಇಲ್ಲಿ ನೀರುನಾಯಿ ಬರ್ತಾವೇನ್ರಿ?”

“ಬರ್ತಾವವ್ವ. ದಿನಾ ಕಾಣಂಗಿಲ್ಲ. ಮ್ಯಾಲಿಂದ ಬರ್ತಾವ, ಒಂದೆಂಟು ದಿನ ಇರ್ತಾವ, ಹೋಗ್ತಾವ. ಬಂದಾಗ ನಮ್ ಬಲಿ ಹರೀತಾವ.”

“ಮತ್ತ ಸಿಟ್ಟು ಬರಂಗಿಲ್ಲೇನ್ರಿ?”

ತಾತ ಬಲೆಯಿಂದ ಕಣ್ಣೆತ್ತದೆ ನಕ್ಕರು. “ಸಿಟ್ಟು ಬರ್ತೈತಿ, ಯಾಕ ಬರಂಗಿಲ್ಲ? ಬಲಿಗೆ ರೊಕ್ಕ ಕೊಟ್ಟಿರ್ತೀವಿ. ಆದ್ರ ಒಂದು ಮಾತು ತಿಳ್ಕೋ. ಅದು ಬಂದೈತಿ ಅಂದ್ರ ಮಡುವಿನಾಗ ಮೀನ ಐತಿ ಅಂತ ಲೆಕ್ಕ. ಅದು ಬರದ ವರ್ಷ ನಮಗೂ ಉಪಾಸ.”

ದೊಡ್ಡ ದೊಡ್ಡ ವರದಿಗಳು ನೀರುನಾಯಿಯನ್ನು ಹೊಳೆಯ ಆರೋಗ್ಯದ ಸೂಚಕ ಅಂತ ಕರೆಯುತ್ತವೆ. ತಾತ ಹೇಳಿದ್ದೂ ಅದನ್ನೇ, ಹೊಟ್ಟೆಯ ಲೆಕ್ಕದಲ್ಲಿ.

ಕಾಗದದಲ್ಲಿ ಒಂದು ಕುರ್ಚಿ

ಅಭಯಾರಣ್ಯ ಅಂದರೆ ಊರವರಿಗೆ ಮೊದಲು ಬರುವುದು ಭಯ. ದನ ಬಿಡಂಗಿಲ್ಲ, ಕಟ್ಟಿಗೆ ತರಂಗಿಲ್ಲ, ಬಲೆ ಹಾಕಂಗಿಲ್ಲ ಅಂತ. ಸಂರಕ್ಷಣಾ ಮೀಸಲು ಪ್ರದೇಶದ ಕಾನೂನು ಸ್ವಲ್ಪ ಬೇರೆ ಥರದ್ದು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ಇದನ್ನು ಸೇರಿಸಿದರು. ಸರ್ಕಾರದ ಜಾಗವನ್ನೇ ಮೀಸಲು ಮಾಡಬೇಕು, ಮಾಡುವ ಮೊದಲು ಸ್ಥಳೀಯ ಜನರನ್ನು ಕೇಳಬೇಕು. ಆಮೇಲೆ ನೋಡಿಕೊಳ್ಳಲು ಒಂದು ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ಅರಣ್ಯ ಇಲಾಖೆಯವರ ಜೊತೆಗೆ, ಮೀಸಲು ಪ್ರದೇಶ ಯಾವ ಯಾವ ಗ್ರಾಮ ಪಂಚಾಯಿತಿಯ ವ್ಯಾಪ್ತಿಗೆ ಬರುತ್ತದೋ ಅಷ್ಟೂ ಪಂಚಾಯಿತಿಗಳಿಂದ ಒಬ್ಬೊಬ್ಬ ಪ್ರತಿನಿಧಿ, ವನ್ಯಜೀವಿ ಕೆಲಸ ಮಾಡುವ ಸಂಸ್ಥೆಗಳಿಂದ ಮೂವರು, ಕೃಷಿ ಇಲಾಖೆಯಿಂದ ಒಬ್ಬರು, ಪಶುಸಂಗೋಪನೆಯಿಂದ ಒಬ್ಬರು. ಅಂದರೆ ಹೊಳೆಯ ಬಗ್ಗೆ ಮಾತಾಡುವ ಮೇಜಿನ ಸುತ್ತ ಹಳ್ಳಿಯವರಿಗೂ ಒಂದು ಕುರ್ಚಿ ಇದೆ.

ಊರವರು ಆ ಕುರ್ಚಿಯಲ್ಲಿ ನಿಜವಾಗಿ ಕೂತರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ನೋಡಿ. ಕೆರೆಯೊಳಗೆ ಕರಿಜಾಲಿ ಮರಗಳು, ಮರದ ತುಂಬ ಕೊಕ್ಕರೆಗಳ ಗೂಡು. ಊರವರ ಒತ್ತಾಸೆಯಿಂದ 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಆಯಿತು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಜೊತೆ ರಾಮ್ಸಾರ್ ಪಟ್ಟಿಗೂ ಸೇರಿತು. ಆ ಕೆರೆಯ ವಿಸ್ತೀರ್ಣ ಎಷ್ಟು ಗೊತ್ತೆ? ಬರೀ 244 ಎಕರೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನ ಮಾತು ಇನ್ನೂ ಹಳೆಯದು. ಅಲ್ಲಿ ಮನೆಯಂಗಳದ ಮರದಲ್ಲೇ ಹಕ್ಕಿಗಳ ಬಾಣಂತನ. 2007ರಲ್ಲಿ ಅದನ್ನು ಸಮುದಾಯ ಮೀಸಲು ಅಂತ ಘೋಷಿಸಿದಾಗ ಕಾಗದ ಹೊಸದಾಗಿತ್ತೇ ಹೊರತು ಕಾಯುವ ಕೆಲಸ ಹೊಸದಾಗಿರಲಿಲ್ಲ.

ಆದರೆ ಕೆರೆಗೂ ಹೊಳೆಗೂ ಒಂದು ವ್ಯತ್ಯಾಸ ಇದೆ. ಕೆರೆಗೆ ಏರಿ ಇದೆ, ಒಂದು ಊರು ಇದೆ, ನಮ್ಮ ಕೆರೆ ಅನ್ನಲು ಬರುತ್ತದೆ. ಹೊಳೆ ಹಾಗಲ್ಲ. ನೀರುನಾಯಿಯ ಗಡಿ ಕಂಪ್ಲಿಗೆ ಮುಗಿಯುತ್ತದೆ. ನೀರು ಅಲ್ಲಿ ನಿಲ್ಲದೆ ಮುಕ್ಕುಂದಕ್ಕೆ ಬರುತ್ತದೆ. ನೀರುನಾಯಿಯೂ ಗಡಿಯ ಬೋರ್ಡು ಓದಿ ವಾಪಸ್ಸು ಹೋಗುವುದಿಲ್ಲ. ಮುಕ್ಕುಂದದ ದಂಡೆಗೆ ಆ ಸಮಿತಿಯಲ್ಲಿ ಕುರ್ಚಿ ಇಲ್ಲ, ಯಾಕೆಂದರೆ ಅದು ಮೀಸಲಿನ ಹೊರಗಿದೆ.

ಬೇಸಿಗೆಯ ನೀರು ಎಲ್ಲಿಂದ ಬರುತ್ತದೆ?

ರಾತ್ರಿ ಊಟಕ್ಕೆ ಕೂತಾಗ ಈ ಮಾತು ತೆಗೆದೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಕಾಕಾ ಒಳ್ಳೆಯ ಒಕ್ಕಲಿಗ, ಹೊಳೆಯಿಂದ ಪಂಪ್‌ಸೆಟ್ ಇಟ್ಟು ನೆಲ್ಲು ಬೆಳೆಯುತ್ತಾರೆ. “ಈ ದಿನದಾಗ ಹೊಳ್ಯಾಗ ಹರಿಯೋ ನೀರು ಡ್ಯಾಮಿನದಲ್ಲ ತಂಗಿ, ನಮ್ ಮಡೀದು” ಅಂದರು.

ಅವರ ಮಾತಿನಲ್ಲಿ ಬಹಳ ಅರ್ಥ ಇತ್ತು. ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾದದ್ದು 1945ರಲ್ಲಿ, ಮುಗಿದದ್ದು 1953ರಲ್ಲಿ. ಕಟ್ಟಿದಾಗ ಅದರ ಹೊಟ್ಟೆಯಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ಕೊಪ್ಪಳ, ರಾಯಚೂರು ಜಿಲ್ಲೆಗಳ ಹೊಲ ತಣಿಸುತ್ತದೆ. ಮೊದಲು ಯೋಜನೆ ಹಾಕಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ಆಂಧ್ರದ ಕರಾವಳಿಯಿಂದ ಬಂದ ರೈತರು ಕ್ಯಾಂಪ್ ಹಾಕಿ ನೆಲ್ಲು ಬೆಳೆದು ತೋರಿಸಿದರು, ಊರವರೂ ಅದೇ ದಾರಿ ಹಿಡಿದರು. ಬಡತನದ ಸೀಮೆ ಅನ್ನದ ಸೀಮೆ ಆಯಿತು. ಅದನ್ನು ಹಗುರವಾಗಿ ಮಾತಾಡುವ ಹಕ್ಕು ಪೇಟೆಯಲ್ಲಿ ಕೂತು ಸೋನಾ ಮಸೂರಿ ಉಣ್ಣುವ ನನಗಿಲ್ಲ.

ಆದರೆ ಬೇಸಿಗೆಯಲ್ಲಿ ಅಣೆಕಟ್ಟಿನಿಂದ ಹೊಳೆಗೆ ಬಿಡುವ ನೀರು ತೀರಾ ಕಡಿಮೆ. ಆಗ ಹಳ್ಳಗಳ ಮೂಲಕ ಬಂದು ಹೊಳೆ ಸೇರುವುದು ಹೊಲದ ಬಸಿನೀರು, ಅದರ ಜೊತೆ ಊರುಗಳ ಗಟಾರ. ಮಳೆಗಾಲದಲ್ಲಿ ತುಂಬಿದ ಹೊಳೆ ಎಲ್ಲವನ್ನೂ ತೆಳ್ಳಗೆ ಮಾಡಿ ಒಯ್ಯುತ್ತದೆ. ಬೇಸಿಗೆಯ ಮಡುವಿಗೆ ಆ ಶಕ್ತಿ ಇಲ್ಲ. ಬಸಿನೀರಿನಲ್ಲಿ ಉಳಿದ ಯೂರಿಯಾ, ಡಿಎಪಿ ತಿಂದು ಪಾಚಿ ಬೆಳೆಯುತ್ತದೆ. ಅಣೆಕಟ್ಟಿನ ಹಿನ್ನೀರು ಹಸಿರು ಬಣ್ಣಕ್ಕೆ ತಿರುಗಿದ ಫೋಟೊಗಳನ್ನು ನೀವೂ ಪೇಪರಿನಲ್ಲಿ ನೋಡಿರುತ್ತೀರಿ. ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ತಾತ ಹೇಳಿದ ‘ಉಪಾಸ’ ಶುರುವಾಗುವುದು ಅಲ್ಲಿಂದ.

ಮೇಲಿನ ಊರುಗಳಲ್ಲೂ ಇದೇ ಹೊಳೆಗಾಗಿ ಜನ ಎದ್ದಿದ್ದಾರೆ. 1980ರ ದಶಕದಲ್ಲಿ ಹರಿಹರದ ಹತ್ತಿರ ಕಾರ್ಖಾನೆಯ ನೀರಿನಿಂದ ಮೀನು ಸತ್ತು ತೇಲಿದಾಗ ರಾಣೆಬೆನ್ನೂರು ಕಡೆಯ ದಂಡೆಯ ಹಳ್ಳಿಗಳು ಎದ್ದು ಕೇಳಿದವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಬೆಳೆದದ್ದು ಆ ಹೋರಾಟದಲ್ಲೇ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಲಿನಗೊಂಡ ನದಿಪಾತ್ರಗಳ ಪಟ್ಟಿ ಮಾಡಿದಾಗ ಕರ್ನಾಟಕದ 17 ನದಿಪಾತ್ರಗಳಲ್ಲಿ ತುಂಗೆ, ಭದ್ರೆ, ತುಂಗಭದ್ರೆ ಮೂರೂ ಇದ್ದವು. 2024ರ ನವೆಂಬರಿನಲ್ಲಿ ‘ನಿರ್ಮಲ ತುಂಗಭದ್ರಾ’ ಅಂತ ಶೃಂಗೇರಿಯಿಂದ ಜನ ಪಾದಯಾತ್ರೆ ಹೊರಟರು.

ಕಾರ್ಖಾನೆಯ ಪೈಪು ಕಣ್ಣಿಗೆ ಕಾಣುತ್ತದೆ, ಬೆರಳು ಮಾಡಿ ತೋರಿಸಬಹುದು. ನೆಲ್ಲಿನ ಮಡಿಯಿಂದ ಸೋರುವ ನೀರಿಗೆ ಪೈಪಿಲ್ಲ. ಅದು ಸಾವಿರ ಬದುಗಳಿಂದ ಬರುತ್ತದೆ. ಅದರಲ್ಲಿ ನಮ್ಮ ಮನೆಯ ಬದುವೂ ಒಂದು.

ಎಂಟು ದಿನ ಬದು ಕಟ್ಟುವ ಮಾತು

ಇಲ್ಲಿ ಮನೆಯೊಳಗೇ ಒಂದು ಜಗಳ ಇತ್ತು. ಹೊರಗಿನವಳಾದ ನನ್ನ ಮುಂದೆ ಅದು ಹಗುರವಾಗಿ ಹೊರಬಂತು.

“ಇವ್ರು ಮುಂಜಾನೆ ಎಣ್ಣಿ ಹೊಡಿತಾರ, ಸಂಜಿಗೆ ಮಡಿ ನೀರು ಹೊಳಿಗೆ ಬಿಡ್ತಾರ. ನಾವು ಮರುದಿನ ಅದ ಹೊಳ್ಯಾಗ ಅರಬಿ ಒಗಿಬೇಕು, ದನ ಮೈ ತೊಳಿಬೇಕು” ಅಂದಳು ಚಿಗವ್ವ.

“ಬಿಡದ ಏನ್ ಮಾಡ್ಲಿ? ಜಿಗಿಹುಳ ಬಿದ್ದಾಗ ಮಡ್ಯಾಗ ನೀರು ನಿಂದ್ರಬಾರದು ಅಂತ ಅವ್ರ ಹೇಳ್ತಾರ” ಅಂದರು ಕಾಕಾ.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಕಂದು ಜಿಗಿಹುಳು ಬುಡದಲ್ಲಿ ಕೂತು ರಸ ಹೀರುವ ಕೀಟ. ನೀರು ಬಸಿದರೆ ಅದರ ಹಾವಳಿ ತಗ್ಗುತ್ತದೆ ಅನ್ನುವುದು ಸರಿಯೇ. ಪ್ರಶ್ನೆ ಇರುವುದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ. ಎಣ್ಣೆ ಹೊಡೆಯುವ ಮೊದಲೇ ನೀರು ಬಸಿದು, ಹೊಡೆದ ಮೇಲೆ ಕೆಲವು ದಿನ ಮಡಿಯ ಬಾಯಿ ಕಟ್ಟಿಬಿಟ್ಟರೆ ಔಷಧ ಮಣ್ಣಿನಲ್ಲೇ, ಬಿಸಿಲಲ್ಲೇ ಕರಗುವುದಕ್ಕೆ ಸಮಯ ಸಿಗುತ್ತದೆ. ನಾಟಿ ಮಾಡುವಾಗ ಎರಡು ಮೀಟರಿಗೊಂದು ಒಂದಡಿ ಅಗಲದ ದಾರಿ ಬಿಟ್ಟರೆ ಗಾಳಿ ಬೆಳಕು ಬುಡಕ್ಕೆ ಹೋಗಿ ಜಿಗಿಹುಳುವೇ ಕಡಿಮೆ. ಯೂರಿಯಾ ಜಾಸ್ತಿ ಸುರಿದಷ್ಟೂ ಹುಳುವಿಗೆ ಹಬ್ಬ.

ನಾನು ಕಾಕಾನಿಗೆ ಅಮೆರಿಕದ ಒಂದು ಹೊಳೆಯ ಕತೆ ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ ಸ್ಯಾಕ್ರಮೆಂಟೊ ಅಂತ ಹೊಳೆ ಇದೆ. ಅದರ ಮೇಲ್ಭಾಗದಲ್ಲಿ ನಮ್ಮ ಸಿಂಧನೂರಿನ ಹಾಗೇ ಕಣ್ಣು ಹಾಯುವಷ್ಟು ಭತ್ತ, ಕೆಳಗೆ ಅದೇ ಹೆಸರಿನ ದೊಡ್ಡ ಪಟ್ಟಣ. 1980ರ ಆಸುಪಾಸಿನಲ್ಲಿ ಗದ್ದೆಗೆ ಹಾಕಿದ ಕಳೆನಾಶಕ ಬಸಿಗಾಲುವೆಗೆ ಇಳಿದು ಕಾರ್ಪ್ ಮೀನು ಸತ್ತವು. ಪಟ್ಟಣದ ನಲ್ಲಿ ನೀರು ಕಹಿಯಾಯಿತು. ಆಗ ಅವರು ಭತ್ತ ಬೆಳೆಯುವುದನ್ನು ನಿಲ್ಲಿಸಲಿಲ್ಲ. ಔಷಧ ಹಾಕಿದ ಮೇಲೆ ಇಂತಿಷ್ಟು ದಿನ ಗದ್ದೆಯ ನೀರು ಹೊರಗೆ ಬಿಡಬಾರದು ಅಂತ ಕಟ್ಟಳೆ ಮಾಡಿದರು. ಮೊದಲು ಕೆಲವೇ ದಿನ ಇದ್ದದ್ದು ಆಮೇಲೆ ಒಂದು ತಿಂಗಳ ಹತ್ತಿರ ಹೋಯಿತು. ಹೊಳೆಗೆ ಸೇರುತ್ತಿದ್ದ ಔಷಧ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕಡಿಮೆಯಾಯಿತು. ಜಪಾನಿನಲ್ಲೂ ಕಳೆನಾಶಕ ಹಾಕಿದ ಮೇಲೆ ಒಂದು ವಾರ ಗದ್ದೆ ನೀರು ಹಿಡಿದಿಡಿ ಅಂತ ರೈತರಿಗೆ ಹೇಳುತ್ತಾರೆ.

ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ರೈತ ಕೇಳಬೇಕಾದ ಪ್ರಶ್ನೆಯನ್ನೇ. “ಎಂಟ್ ದಿನ ಬದು ಕಟ್ಟೋದು ದೊಡ್ಡದಲ್ಲ. ಸಲಿಕಿ ಕೆಲಸ. ಆದ್ರ ನಾ ಒಬ್ಬಾವ ಕಟ್ಟಿದ್ರ ಏನ್ ಬಂತು? ಬಾಜೂದಾವ ಬಿಟ್ರ ಅವನ್ ನೀರು ನನ್ ಮಡ್ಯಾಗ ಬಂದು ನಿಂದರತೈತಿ.”

ಹೊಳೆಯ ಸಮಸ್ಯೆ ಪೂರ್ತಿ ಆ ಒಂದು ಮಾತಿನಲ್ಲಿದೆ. ಒಬ್ಬರ ಶ್ರದ್ಧೆಯಿಂದ ಆಗುವ ಕೆಲಸ ಇದಲ್ಲ. ಒಂದು ಹಳ್ಳಕ್ಕೆ ಬಸಿಯುವ ಹೊಲದವರೆಲ್ಲ ಕೂಡಿ ಕೂತು ಮಾತಾಡಬೇಕು. ಕಾಲುವೆಯ ಮೇಲ್ಭಾಗ, ಕೆಳಭಾಗ ಅಂತ ನೀರಿಗಾಗಿ ಜಗಳ ಆಡಲು ಕೂಡುವ ನಾವು, ಬಿಟ್ಟ ನೀರಿನ ಬಗ್ಗೆ ಮಾತಾಡಲು ಒಮ್ಮೆಯೂ ಕೂಡಿಲ್ಲ.

ಕಪ್ಪಾದ ಬಾಟಲಿ

ಮರುದಿನ ಮುಂಜಾನೆ ಚಿಗವ್ವನ ಸೊಸೆ ಅಡುಗೆಮನೆ ಕಟ್ಟೆಯ ಮೇಲಿನಿಂದ ಒಂದು ಸಣ್ಣ ಪೆಟ್ಟಿಗೆ ಇಳಿಸಿದಳು. ಜಲಜೀವನ್ ಮಿಷನ್ ಯೋಜನೆಯಲ್ಲಿ ಹಳ್ಳಿಗೆ ಐದು ಜನರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕು ಅಂತ ಇದೆ. ಆ ಐವರಲ್ಲಿ ಅವಳೂ ಒಬ್ಬಳು. ಪೆಟ್ಟಿಗೆಯಲ್ಲಿ ಸಣ್ಣ ಸಣ್ಣ ಶೀಸೆಗಳು, ಬಣ್ಣದ ಚೀಟಿ. ನೀರಿನ ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಕ್ಲೋರಿನ್ ನೋಡಬಹುದು. ರಾಯಚೂರು ಜಿಲ್ಲೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಇಲ್ಲಿ ಆ ಪರೀಕ್ಷೆಗೆ ಬಹಳ ಬೆಲೆ. ಹೊಳೆಯ ನೀರಿನ ಮೇಲೆ ಜನಕ್ಕೆ ಅಷ್ಟು ಆಸೆ ಇರುವುದಕ್ಕೂ ಅದೇ ಕಾರಣ.

ಅವಳು ತೋರಿಸಿದ್ದು ಬೇರೊಂದು ಬಾಟಲಿ. ಅದರೊಳಗೆ ಔಷಧ ಮೊದಲೇ ಇರುತ್ತದೆ. ನೀರು ತುಂಬಿ ಬೆಚ್ಚಗಿರುವ ಕಡೆ ಒಂದೆರಡು ದಿನ ಇಟ್ಟರೆ, ಹೊಲಸಿನಿಂದ ಬರುವ ರೋಗಾಣು ಇದ್ದಲ್ಲಿ ನೀರು ಕಪ್ಪಾಗುತ್ತದೆ. ಮನೆಯ ನಲ್ಲಿ ನೀರಿನ ಬಾಟಲಿ ಬಣ್ಣ ಬದಲಾಗದೆ ಇತ್ತು. ದನ ಇಳಿಯುವ, ಅರಬಿ ಒಗೆಯುವ ಕಡೆಯ ಹೊಳೆ ನೀರು ಮಸಿಯಾಗಿತ್ತು.

“ನಲ್ಲಿ ನೀರಿಗೆ ಕ್ಲೋರಿನ್ ಹಾಕ್ತಾರ, ಅದಕ್ಕ ಚಲೋ ಐತ್ರಿ ಅಕ್ಕ. ಹೊಳಿಗೆ ಯಾರು ಹಾಕ್ತಾರ? ಹುಡುಗರು ಈಜಾಕ ಹೋದ್ರ ನೀರು ಕುಡದ ಬರ್ತಾವ” ಅಂದಳು.

ನೀರಿನ ವಿಷಯ ಈ ಜಿಲ್ಲೆಗೆ ಪುಸ್ತಕದ ಮಾತಲ್ಲ. 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ನೂರಾರು ಜನ ಆಸ್ಪತ್ರೆ ಸೇರಿದ್ದು, ಕೆಲವರು ತೀರಿಹೋದದ್ದು ಎಲ್ಲರಿಗೂ ನೆನಪಿದೆ. ಸ್ನಾನಕ್ಕೆ ಯೋಗ್ಯ ಅನ್ನಿಸಿಕೊಳ್ಳಲು ಒಂದು ಲೀಟರ್ ಹೊಳೆ ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು, ಕೊಳೆಯ ಅಳತೆಯಾದ ಬಿಒಡಿ 3 ಮಿಲಿಗ್ರಾಂ ಮೀರಬಾರದು. ಇದು ಸರ್ಕಾರವೇ ಇಟ್ಟ ಮಟ್ಟ. ಅವಳ ಪೆಟ್ಟಿಗೆಯಲ್ಲಿ ಬಿಒಡಿ ನೋಡಲು ಬರುವುದಿಲ್ಲ, ಕೀಟನಾಶಕವನ್ನಂತೂ ನೋಡಲು ಬರುವುದೇ ಇಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಆದರೂ ತಿಂಗಳಿಗೊಮ್ಮೆ ಒಂದೇ ಜಾಗದ ನೀರು ತುಂಬಿ, ತಾರೀಖು ಬರೆದು, ಬಣ್ಣ ಬರೆದಿಟ್ಟರೆ ಅದು ಒಂದು ದಾಖಲೆ. ಮೇಲಿನವರ ಮುಂದೆ ಹೋಗಿ ನಿಂತಾಗ ‘ನೀರು ಕೆಟ್ಟೈತ್ರಿ’ ಅನ್ನುವುದಕ್ಕಿಂತ ಆ ನೋಟ್‌ಬುಕ್ಕು ಗಟ್ಟಿಯಾಗಿ ಮಾತಾಡುತ್ತದೆ.

ಮಸ್ಕಿಯ ಬಂಡೆ

ಎರಡನೇ ದಿನ ಮಧ್ಯಾಹ್ನ ಮಸ್ಕಿಗೆ ಹೋಗಿಬಂದೆ. ಸಿಂಧನೂರಿನ ತನಕ ಬಂದವರು ಅದನ್ನು ಬಿಡಬಾರದು. 1915ರಲ್ಲಿ ಸಿ. ಬೀಡನ್ ಅನ್ನುವ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದ ಅಲ್ಲಿನ ಬಂಡೆಯ ಬರಹದಲ್ಲಿ ‘ದೇವಾನಾಂಪ್ರಿಯ’ ಅನ್ನುವ ಬಿರುದಿನ ಜೊತೆ ಅಶೋಕ ಅನ್ನುವ ಹೆಸರೂ ಇತ್ತು. ದೇಶದ ತುಂಬ ಶಾಸನ ಬರೆಸಿದ ದೊರೆ ಯಾರು ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ನಮ್ಮ ರಾಯಚೂರು ಸೀಮೆಯಲ್ಲಿ. ಮುಕ್ಕುಂದದ ಆಚೆ ದಂಡೆಯ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದಲ್ಲೂ ಅವನ ಶಾಸನಗಳಿವೆ.

ಬಂಡೆಯ ಮುಂದೆ ನಿಂತಾಗ ಅದೇ ಅಶೋಕ ಉತ್ತರದ ಕಂಬಗಳ ಮೇಲೆ ಬರೆಸಿದ ಇನ್ನೊಂದು ಶಾಸನದ ನೆನಪಾಯಿತು. ಅದರಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಇದೆ. ಗಿಳಿ, ಹಂಸ, ಆಮೆ, ಕೆಲವು ಮೀನುಗಳು ಅದರಲ್ಲಿವೆ. ಇಂತಿಂಥ ದಿನ ಮೀನು ಹಿಡಿಯಬಾರದು, ಮಾರಬಾರದು, ಕಾರಣವಿಲ್ಲದೆ ಕಾಡು ಸುಡಬಾರದು ಅಂತಲೂ ಇದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಅಪ್ಪಣೆ. ಅಕ್ಷರ ಉಳಿಯಿತು. ಆ ಕಾಲದ ಮೀನು, ಆಮೆ ಉಳಿದದ್ದು ಮಾತ್ರ ಅಪ್ಪಣೆಯೊಂದರಿಂದಲೇ ಇರಲಾರದು. ದಂಡೆಯ ಜನ ಮೊಟ್ಟೆಯ ಕಾಲದಲ್ಲಿ ಬಲೆ ಎತ್ತಿಟ್ಟದ್ದರಿಂದ, ಮಡುವೊಂದನ್ನು ದೇವರ ಮಡುವು ಅಂತ ಮುಟ್ಟದೆ ಬಿಟ್ಟದ್ದರಿಂದ ಅಂತ ನನಗೆ ಅನ್ನಿಸುತ್ತದೆ.

ಮುಕ್ಕುಂದದ ತಾತನಿಗೆ ಸಂಜೆ ಇದನ್ನೇ ಕೇಳಿದೆ. “ಮಳಿ ಬಿದ್ದು ಹೊಸ ನೀರು ಬಂದಾಗ ಮೀನ ಬಸರಿ ಇರ್ತಾವ, ಸಣ್ಣ ಕಣ್ಣಿನ ಬಲಿ ಹಾಕಬಾರದು ಅಂತಿದ್ರು ನಮ್ ಹಿರ್ಯಾರು. ಈಗ ಹೇಳವ್ರೂ ಇಲ್ಲ, ಕೇಳವ್ರೂ ಇಲ್ಲ” ಅಂದರು. ಆಮೇಲೆ ತಮ್ಮ ಬಲೆಯ ಕಣ್ಣಿನೊಳಗೆ ಎರಡು ಬೆರಳು ಹಾಕಿ ಅಗಲ ತೋರಿಸಿದರು. ಅವರ ಬಲೆ ದೊಡ್ಡ ಕಣ್ಣಿನದೇ.

ಯಾರು ಕೂಡಬೇಕು?

ಮೀಸಲಿನ ಸಮಿತಿಯಲ್ಲಿ ಮುಕ್ಕುಂದದ ಕಡೆಯವರಿಗೆ ಕುರ್ಚಿ ಇಲ್ಲ ಅಂದೆ. ಆದರೆ ಇನ್ನೊಂದು ಕುರ್ಚಿ ಪ್ರತಿ ಗ್ರಾಮ ಪಂಚಾಯಿತಿಗೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಮಾಡಬೇಕು. 2004ರ ನಿಯಮಗಳು ಅಧ್ಯಕ್ಷರ ಜೊತೆ ಆರು ಜನರವರೆಗೆ ಇರಲಿ, ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇಲ್ಲದಂತೆ ಮಹಿಳೆಯರಿರಲಿ ಅಂದವು. ಊರಿನ ಗಿಡ, ಮೀನು, ಹಕ್ಕಿ, ಬೀಜ, ಅವುಗಳ ಬಗ್ಗೆ ಜನಕ್ಕೆ ಗೊತ್ತಿರುವ ತಿಳಿವಳಿಕೆ ಎಲ್ಲವನ್ನೂ ಊರವರೇ ಕೂತು ದಾಖಲೆ ಮಾಡುವುದು ಅದರ ಮುಖ್ಯ ಕೆಲಸ. ರಾಜ್ಯದ ಎಷ್ಟೋ ಕಡೆ ಇಂಥ ಸಮಿತಿಗಳ ಹೆಸರು ಊರವರಿಗೇ ಗೊತ್ತಿರುವುದಿಲ್ಲ. ನಿಮ್ಮ ಊರಿನಲ್ಲಿ ಇದೆಯೇ ಅಂತ ನೀವು ಕೇಳಿದ್ದೀರಾ?

ಆ ಸಮಿತಿಯಲ್ಲಿ ಯಾರಿರಬೇಕು ಅಂತ ನನ್ನನ್ನು ಕೇಳಿದರೆ, ಈ ಎರಡು ದಿನದಲ್ಲಿ ನಾನು ನೋಡಿದವರ ಕಡೆಯೇ ಕೈ ತೋರಿಸುತ್ತೇನೆ. ಹೊಳೆಯ ಯಾವ ಮಡುವಿನಲ್ಲಿ ಯಾವ ಮೀನು ಅಂತ ಗೊತ್ತಿರುವ ಬೆಸ್ತರವರು. ನೀರಿನ ಬಾಟಲಿಯ ಬಣ್ಣ ಓದಲು ಬರುವ ಹೆಣ್ಣುಮಗಳು. ಎಣ್ಣೆ ಹೊಡೆಯುವ, ಬದು ಕಟ್ಟಲೂ ಬರುವ ಒಕ್ಕಲಿಗ. ಅರಬಿ ಒಗೆಯುವ ಕಲ್ಲಿನ ಮೇಲೆ ದಿನಾ ನಿಲ್ಲುವ ಚಿಗವ್ವನಂಥವಳು. ಹೊಳೆಯನ್ನು ಕೆಡಿಸುವವರೂ ಕಾಯುವವರೂ ಇದೇ ಜನ. ಅವರನ್ನು ಬಿಟ್ಟು ಬೇರೆ ಯಾರೋ ಬಂದು ಕಾಯುತ್ತಾರೆ ಅಂದುಕೊಂಡರೆ, ಬೋರ್ಡು ಇರುತ್ತದೆ, ಮೀನು ಇರುವುದಿಲ್ಲ.

ಮನೆಗೆ ಬಂದ ಮೇಲೆ ಚಿಗವ್ವನಿಗೆ ಫೋನ್ ಮಾಡಿದ್ದೆ. ಕಾಕಾ ಆ ವಾರ ಎಣ್ಣೆ ಹೊಡೆದು ಎಂಟು ದಿನ ಮಡಿಯ ಬಾಯಿ ಕಟ್ಟಿದ್ದರಂತೆ. ಬಾಜೂದ ಇಬ್ಬರು ಒಪ್ಪಿದರಂತೆ, ಮೂರನೆಯವನು ನಕ್ಕು ಸುಮ್ಮನಾದನಂತೆ. ಸೊಸೆ ಮುಂದಿನ ಗ್ರಾಮಸಭೆಯಲ್ಲಿ ಸಮಿತಿಯ ಮಾತು ಕೇಳಬೇಕು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಮೂರು ಹೊಲದ ಬದುವಿನಿಂದ ತುಂಗಭದ್ರೆ ತಿಳಿಯಾಗುವುದಿಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ಮುಕ್ಕುಂದ ದಾಟಿದ ನೀರು ಮಾನ್ವಿ ಕಡೆ ಹೋಗಿ, ರಾಜೋಳಿಬಂಡೆಯ ಅಣೆಕಟ್ಟೆ ಮುಟ್ಟಿ, ಮಂತ್ರಾಲಯದ ಸ್ನಾನಘಟ್ಟ ದಾಟಿ, ಕರ್ನೂಲಿನ ಜನಕ್ಕೆ ನೀರಾಗಿ ಕೊನೆಗೆ ಕೃಷ್ಣೆಯನ್ನು ಕೂಡುತ್ತದೆ. ಅಲ್ಲಿ ರಾಯರ ಹೆಸರು ಹೇಳಿ ಮೂರು ಸಲ ಮುಳುಗು ಹಾಕುವವರಿಗೆ ನಾವೇ ಮೇಲಿನ ಊರಿನವರು. ಮುಂದಿನ ಸಲ ಮಂತ್ರಾಲಯಕ್ಕೆ ಹೊರಟಾಗ ಸಿಂಧನೂರಿನಲ್ಲಿ ಇಳಿದು ಒಂದು ಸಂಜೆ ಮುಕ್ಕುಂದದ ದಂಡೆಗೆ ಹೋಗಿ ಬನ್ನಿ. ಪ್ಲಾಸ್ಟಿಕ್ಕು ಒಯ್ಯಬೇಡಿ, ಬಂಡೆಯ ಮೇಲೆ ಗದ್ದಲ ಮಾಡಬೇಡಿ. ಹರಿಗೋಲಿನ ನೆರಳಲ್ಲಿ ಯಾರಾದರೂ ಬಲೆ ಹೆಣೆಯುತ್ತಾ ಕೂತಿದ್ದರೆ, ಈ ವರ್ಷ ನೀರುನಾಯಿ ಬಂದಿದ್ದವೇ ಅಂತ ಕೇಳಿ.